ಹೊಂಗೆ ಮರದಿಂದ ಮೂವತ್ತೈದು ಹೆಜ್ಜೆ

ನಮ್ಮ ಬಡಾವಣೆಗೆ ಇಪ್ಪತ್ತೈದು ತುಂಬಿದ ವರ್ಷ ಅದು. ಕೊರೊನಾ ಕಾಟ ಮುಗಿದು ಜನ ಮತ್ತೆ ಒಬ್ಬರ ಮನೆಗೆ ಒಬ್ಬರು ಹೋಗಿ ಕೂರಲು ಶುರು ಮಾಡಿದ್ದರು. ಆಗಸ್ಟ್ ಹದಿನೈದಕ್ಕೆ ಪಾರ್ಕಿನಲ್ಲಿ ಬಾವುಟ ಹಾರಿಸಿ, ಅದೇ ದಿನ ಬಡಾವಣೆಯ ಚರಿತ್ರೆಯದೊಂದು ಪುಟ್ಟ ಪುಸ್ತಕ ತರೋಣ ಎಂದು ನಿವಾಸಿಗಳ ಸಂಘದಲ್ಲಿ ತೀರ್ಮಾನವಾಯಿತು. ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾನು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಆಗಷ್ಟೇ ನಿವೃತ್ತಳಾಗಿದ್ದೆ. "ಮೇಡಂ ಅಕ್ಷರ ಮುತ್ತಿನ ಹಾಗಿದೆ, ಅವರೇ ಬರೀಲಿ" ಎಂದರು ಅಧ್ಯಕ್ಷರು. ಅಕ್ಷರ ಚೆನ್ನಾಗಿದ್ದರೆ ಬರಹವೂ ಚೆನ್ನಾಗಿರುತ್ತದೆ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ನಂಜನಗೂಡಿನಲ್ಲಿ ರೈಲು ಹಳಿಯಿಂದ ಸ್ವಲ್ಪ ದೂರದಲ್ಲಿದೆ ನಮ್ಮ ಬಡಾವಣೆ. ಇಲ್ಲಿ ಮೊದಲು ಮನೆ ಕಟ್ಟಿದವರಲ್ಲಿ ನಾವೂ ಒಬ್ಬರು. ಹಾಗಾಗಿ ಎಲ್ಲ ನೆನಪಿದೆ ಎಂಬ ಧೈರ್ಯದಲ್ಲಿ ಒಂದು ವಾರ ಕೂತು ಬರೆದೆ. ಮೊದಲು ಬೋರ್‌ವೆಲ್ ಬಂದದ್ದು, ಬೀದಿ ದೀಪಕ್ಕಾಗಿ ಅಲೆದದ್ದು, ಗಣಪತಿ ಕೂರಿಸಲು ಶುರು ಮಾಡಿದ್ದು ಎಲ್ಲ ಬಂತು. ಆರಂಭದ ಸಾಲು ನನಗೆ ಬಹಳ ಇಷ್ಟವಾಗಿತ್ತು: "ನಾವು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ. ಬರೀ ಬಯಲು, ಜಾಲಿ ಮುಳ್ಳು, ಹಾವು."

ಆಷಾಢದ ಒಂದು ಬೆಳಿಗ್ಗೆ ಜಗುಲಿಯಲ್ಲಿ ಕೂತು ಅದನ್ನು ನಮ್ಮ ಅತ್ತೆಗೆ ಓದಿ ಹೇಳುತ್ತಿದ್ದೆ. ಅತ್ತೆಗೆ ಆಗ ಎಂಬತ್ತನಾಲ್ಕು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಮಡಿ ಎಂದರೆ ಮಡಿ. ಅವರ ಕಣ್ಣು ತಪ್ಪಿಸಿ ದೇವರ ಮನೆಯ ಹೊಸಿಲು ಮುಟ್ಟಲು ನನಗೇ ಹೆದರಿಕೆ. ಓದಲು ಶುರು ಮಾಡುತ್ತಿದ್ದ ಹಾಗೇ ಗೇಟಿನ ಬಳಿ "ಸೊಪ್ಪೂ" ಎಂಬ ಕೂಗು ಕೇಳಿಸಿತು. ಸೊಪ್ಪಿನ ಮಾದಮ್ಮ. ಹಳಿಯಾಚೆಯ ಹುಂಡಿಯಿಂದ, ಅಂದರೆ ಸಣ್ಣ ಊರಿನಿಂದ, ದಂಟು, ಕೀರೆ, ಹೊನಗೊನ್ನೆ ಹೊತ್ತು ಹನ್ನೊಂದು ವರ್ಷದಿಂದ ನಮ್ಮ ಬೀದಿಗೆ ಬರುತ್ತಿದ್ದವರು. ಬುಟ್ಟಿ ಇಳಿಸಿ, ನಾನು ಓದಿ ಮುಗಿಸಲಿ ಎಂದು ಗೇಟಿನ ಹೊರಗೇ ನಿಂತಿದ್ದರು.

ನಾನು ಎದ್ದು ಹೋದಾಗ ಅವರು ಕೇಳಿದರು, "ಅವ್ವಾ, ಇಲ್ಲಿ ಏನೂ ಇರ್ನಿಲ್ಲ ಅಂತ ಬರ್ದಿದ್ದೀರಾ?"

"ಹೌದು ಮಾದಮ್ಮ. ಬಯಲೇ ಅಲ್ವಾ ಇದ್ದದ್ದು?"

"ಬಯ್ಲಾಗಿದ್ದು ಆಮೇಕೆ ಕಣವ್ವ. ಮೊದ್ಲು ಬಾಳೆತೋಟ. ರಸಬಾಳೆ. ಎರ್ಡು ತೋಟ ಆಚೆ ನಿಂತ್ರೂ ಹಣ್ಣಿನ ವಾಸ್ನೆ ಬರದು. ಗಿಡುಕ್ಕೆ ಸೊರಗು ರೋಗ ಬಂದು ಎಲ್ಲ ಒಣ್ಗೋಯ್ತು. ತೋಟದೋರು ಹಂಗೇ ಬೀಳು ಬುಟ್ಟು ಸೈಟ್ನೋರಿಗೆ ಮಾರ್ಬುಟ್ರು. ನೀವು ಬಂದಾಗ ಮುಳ್ಳು ಬೆಳ್ದಿತ್ತು."

ಕೈ ಚಾಚಿ ತೋರಿಸಿದರು. ಪಾರ್ಕಿನ ಜಾಗದಲ್ಲಿ ಕಲ್ಲುಬಾವಿ. ಮೂರನೇ ಕ್ರಾಸಿನ ಉದ್ದಕ್ಕೂ ಕಾಲುವೆ. ಅಧ್ಯಕ್ಷರ ಮಹಡಿ ಮನೆ ಇರುವ ಕಡೆ ರಾಗಿ ಒಕ್ಕುತ್ತಿದ್ದ ಕಣ. ನಾನು ಸಂಕೋಚದಿಂದಲೇ ಹಸ್ತಪ್ರತಿಯ ಹಿಂಬದಿಯಲ್ಲಿ ಎಲ್ಲ ಗುರುತು ಹಾಕಿಕೊಂಡೆ. ಕೊನೆಗೆ ಸುಮ್ಮನೆ ಕೇಳಿದೆ, "ನಮ್ಮ ಮನೆ ಜಾಗದಲ್ಲಿ ಏನಿತ್ತು ಮಾದಮ್ಮ?"

ಅವರು ನನ್ನ ಮುಖ ನೋಡಿದರು, ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಎರಡು ಕಟ್ಟು ದಂಟು ನನ್ನ ಕೈಗಿಟ್ಟು ಬುಟ್ಟಿ ಹೊತ್ತು ಹೊರಟೇಬಿಟ್ಟರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಹನ್ನೊಂದು ವರ್ಷದಲ್ಲಿ ಜ್ವರ ಬಂದರೂ ತಪ್ಪಿಸದವರು. ನಾನೇನಾದರೂ ಕೇಳಬಾರದ್ದು ಕೇಳಿದೆನೇ ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ಮೂರನೇ ದಿನ ಬೆಳಿಗ್ಗೆ ಬಂದರು. ತಲೆ ಮೇಲೆ ಬುಟ್ಟಿ ಇರಲಿಲ್ಲ. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಗೇಟು ಹಿಡಿದು ನಿಂತು, ಒಂದೇ ಉಸಿರಿಗೆ ಹೇಳಿದರು.

"ನೀವು ಕೇಳುದ್ರಲ್ಲವ್ವ ಮೊನ್ನೆ. ನನ್ ಮಗ್ಳು ಉಟ್ಟಿದ್ದು ನಿಮ್ಮಟ್ಟಿ ಒಳ್ಗೆ ಕಣವ್ವ."

ನಮ್ಮ ಹಟ್ಟಿ, ಅಂದರೆ ನಮ್ಮ ಮನೆಯೊಳಗೆ ಅವರ ಮಗಳು ಹುಟ್ಟುವುದೆಂದರೇನು, ನನಗೆ ಅರ್ಥವಾಗಲಿಲ್ಲ. ಅಲ್ಲೇ ನಿಂತು ಅವರು ಬಿಡಿಸಿ ಹೇಳಿದರು. ನಲವತ್ತೈದು ವರ್ಷದ ಹಿಂದಿನ ಮಾತು. ತುಂಬಿದ ಬಸುರಿಯಾಗಿ ಇದೇ ತೋಟದಲ್ಲಿ ಕಳೆ ಕೀಳುತ್ತಿದ್ದರಂತೆ. ದಿನ ತುಂಬಲು ಇನ್ನೂ ಹದಿನೈದು ದಿನವಿದೆ ಎಂದು ಲೆಕ್ಕ. ಆಳುಗಳೆಲ್ಲ ಹೊಂಗೆ ಮರದ ಕೆಳಗೆ ಬೆಳಗಿನ ಬುತ್ತಿ ಉಣ್ಣುತ್ತಿರುವಾಗ ನೋವು ಶುರುವಾಯಿತು. ಯಾರ ಮುಂದೆಯೂ ಹೇಳಲು ನಾಚಿಕೆ. ಚೊಚ್ಚಿಲ ಬಸುರಿ, ಇಪ್ಪತ್ತು ತುಂಬಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಪಂಪ್‌ಸೆಟ್ಟಿನ ಕಡೆ ನಡೆದರಂತೆ.

"ನೋವು ತಡ್ಕಳಕೆ ಎಜ್ಜೆ ಎಣುಸ್ಕಂಡು ಓದೆ ಕಣವ್ವ. ಒಂದು, ಎರಡು ಅಂತವ. ಮೂವತ್ತೈದು ಎಣ್ಸಿದ್ದೆ, ಕಾಲು ನಿಲ್ನಿಲ್ಲ. ಅಲ್ಲೇ ಬಾಳೆ ಬುಡದಲ್ಲಿ ಕುಸ್ದೆ. ಜೊತೇಲಿ ಕೂಲಿಗೆ ಬತ್ತಿದ್ದ ಒಬ್ಬ ಮುದ್ಕಿ ಓಡ್ ಬಂದ್ಲು. ಬಾಳೆಲೆ ಆಸಿ ಮಗೀನ ಅದ್ರ ಮೇಲೆ ಮಲಗ್ಸುದ್ಲು. ಪಂಪಿನ ನೀರಲ್ಲೇ ತೊಳ್ದಿದ್ದು. ಹೊಕ್ಕಳಬಳ್ಳಿ, ಮಾಸು ಎಲ್ಲ ಅಲ್ಲೇ ಬುಡದಲ್ಲಿ ಹೂತ್ಲು."

ಅವರು ತಿರುಗಿ ನೋಡಿದರು. ನಮ್ಮ ಮನೆಯೆದುರು ರಸ್ತೆಯಾಚೆ ಒಂದು ಹಳೆಯ ಹೊಂಗೆ ಮರವಿದೆ. ಟ್ರಾನ್ಸ್‌ಫಾರ್ಮರ್ ಹಾಕುವಾಗ ಕಡಿಯುತ್ತೇವೆ ಎಂದು ಬಂದವರನ್ನು, ನೆರಳಿಗೆ ಕಾರು ನಿಲ್ಲಿಸಿಕೊಳ್ಳಬಹುದು ಎಂಬ ಆಸೆಗೆ ನಾವೇ ತಡೆದಿದ್ದೆವು.

"ಒಂದ್ ಸಲ ನಡ್ದು ನೋಡ್ಲಾ ಅವ್ವ?" ಎಂದು ಕೇಳಿದರು. "ನಿಮ್ ಗೇಟ್ ಗಂಟ ನಡ್ದು ನಿಂತ್ಕತೀನಿ. ಒಳೀಕೆ ಬರಾಕಿಲ್ಲ."

ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಜಗುಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತ್ತು. ಎಲ್ಲ ಕೇಳಿಸಿಕೊಂಡಿದ್ದರೆಂದು ಗೊತ್ತಾಯಿತು. ನಾನು ಗೇಟು ಪೂರ್ತಿ ತೆರೆದೆ. "ಎಲ್ಲಿಗೆ ಬರುತ್ತೋ ಅಲ್ಲಿವರೆಗೂ ನಡೀರಿ ಮಾದಮ್ಮ" ಎಂದೆ. ಆ ಮನೆಯಲ್ಲಿ ಅತ್ತೆಯನ್ನು ಕೇಳದೆ ನಾನು ಯಾರನ್ನೂ ಒಳಗೆ ಕರೆದವಳಲ್ಲ.

ಮಾದಮ್ಮ ರಸ್ತೆ ದಾಟಿ ಹೋಗಿ ಹೊಂಗೆ ಮರಕ್ಕೆ ಬೆನ್ನು ಕೊಟ್ಟು ನಿಂತರು. ಬೆಳಗಿನ ಬಿಸಿಲಿಗೆ ಮುಖ ಮಾಡಿ ಹೆಜ್ಜೆ ಹಾಕಿದರು. ನಾನೂ ಪಕ್ಕದಲ್ಲಿ ನಡೆದೆ.

"ಆಗಿನ ಹೆಜ್ಜೆಗೂ ಈಗಿನ ಹೆಜ್ಜೆಗೂ ಸರಿಹೋಗುತ್ತಾ ಮಾದಮ್ಮ?" ಎಂದೆ.

"ಆಗ ಎರ್ಗೆ ನೋವಲ್ಲಿ ನಡ್ದೆ, ಈಗ ಮಂಡಿನೋವಲ್ಲಿ ನಡೀತಿವ್ನಿ. ಎರ್ಡೂ ಒಂದೇ ಅಳ್ತೆ ಕಣವ್ವ, ಸರಿಯೋಯ್ತದೆ" ಎಂದು ನಕ್ಕರು.

ಹದಿನೆಂಟಕ್ಕೆ ರಸ್ತೆ ಮುಗಿಯಿತು. ಇಪ್ಪತ್ತಮೂರಕ್ಕೆ ಜಗುಲಿಯ ಮೆಟ್ಟಿಲು. ಅಲ್ಲಿ ಚಪ್ಪಲಿ ಬಿಟ್ಟು ನಿಂತುಕೊಂಡರು. ಮುಂದೆ ತಲೆಬಾಗಿಲು, ಪಕ್ಕದಲ್ಲಿ ಅತ್ತೆ. ಮಾದಮ್ಮ ಸೆರಗಿನಿಂದ ಪಾದ ಒರೆಸಿಕೊಂಡರು. ನನಗೆ ಇಂದಿಗೂ ಆ ನೋಟ ಮರೆಯಲಾಗುವುದಿಲ್ಲ. ಹನ್ನೊಂದು ವರ್ಷ ನಮ್ಮ ಹೊಟ್ಟೆಗೆ ಸೊಪ್ಪು ತಂದುಕೊಟ್ಟವರು ನಮ್ಮ ಹೊಸಿಲಿನ ಮುಂದೆ ನಿಂತು ಪಾದ ಒರೆಸಿಕೊಳ್ಳುತ್ತಿದ್ದರು.

ಅತ್ತೆ ಮಂಜು ಕಣ್ಣನ್ನು ಅವರ ಕಡೆ ತಿರುಗಿಸಿ, "ಎಷ್ಟಾಯ್ತು?" ಎಂದರು.

"ಇಪ್ಪತ್ಮೂರು ದೊಡ್ಡವ್ವೋರೇ."

"ಇನ್ನೂ ಹನ್ನೆರಡು ಇದೆಯಲ್ಲ. ನಿಂತ್ರೆ ಹೇಗೆ? ನಡಿ."

ಮಾದಮ್ಮ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಇಪ್ಪತ್ನಾಲ್ಕು, ಇಪ್ಪತ್ತೈದು ಎಂದು ಗಟ್ಟಿಯಾಗಿ ಎಣಿಸಿದರು. ಹಾಲ್ ದಾಟಿದರು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಏನೂ ತಿಳಿಯದೆ ಎದ್ದು ನಿಂತರು. ಮೂವತ್ನಾಲ್ಕು. ಮೂವತ್ತೈದು.

ಅವರು ನಿಂತದ್ದು ದೇವರ ಮನೆಯ ಬಾಗಿಲಲ್ಲಿ.

ಮಾದಮ್ಮ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. "ಇರಾಕಿಲ್ಲ ಕಣವ್ವ, ನಂಗೆ ಲೆಕ್ಕ ತಪ್ಪೋಗದೆ" ಎಂದರು.

ಆಗ ನಮ್ಮ ಯಜಮಾನರು ನನ್ನಿಂದ ವಿಷಯ ಕೇಳಿ ತಿಳಿದು, "ತಪ್ಪಿಲ್ಲಮ್ಮ" ಎಂದರು. "ಪಾಯ ತೋಡುವಾಗ ಹಿಂದುಗಡೆ, ಅಡುಗೆಮನೆ ಮೂಲೇಲಿ, ಕಬ್ಬಿಣದ ಪೈಪು ಸಿಕ್ಕಿತ್ತು. ಸಿಮೆಂಟಿನ ಕಟ್ಟೆಯೂ ಇತ್ತು. ಮೇಸ್ತ್ರಿ ಹೇಳಿದ್ದ, ಯಾವುದೋ ಪಂಪ್‌ಸೆಟ್ಟಿಂದು ಅಂತ. ಒಡೆಸಿ ಹಾಕಿದ್ವಿ." ಇಪ್ಪತ್ತೈದು ವರ್ಷ ಅವರು ಅದನ್ನು ನನಗೆ ಹೇಳಿರಲಿಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲವಂತೆ.

ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮಾದಮ್ಮನ ಧ್ವನಿ ಬಂದ ಕಡೆ ನಿಂತು ಕೇಳತೊಡಗಿದರು.

"ಎಷ್ಟು ಹೊತ್ತು ನೋವು ತಿಂದೆ?"

"ಬುತ್ತಿ ಹೊತ್ನಲ್ಲಿ ಶುರುವಾಯ್ತು ದೊಡ್ಡವ್ವೋರೇ. ಬಿಸ್ಲು ನೆತ್ತಿಗೆ ಬರೋದ್ರೊಳ್ಗೆ ಆಗೋಯ್ತು."

"ಬಿಸಿನೀರೂ ಇಲ್ವಾ?"

"ಎಲ್ಲಿ ಬಿಸ್ನೀರು ತಾಯಿ."

"ಮಗು ಬದುಕ್ತಾ?"

"ಬದುಕವ್ಳೆ. ರತ್ನ ಅಂತ. ತಗಡೂರಿಗೆ ಕೊಟ್ಟಿವ್ನಿ. ಅಲ್ಲಿ ಅಂಗನವಾಡೀಲಿ ಟೀಚರು. ಎರ್ಡು ಮಕ್ಳು."

ಅತ್ತೆ ನನ್ನ ಕಡೆ ತಿರುಗಿ, "ಕಾಫಿ ಮಾಡು. ಲೋಟ ಒಳಗಿಂದೇ ಕೊಡು" ಎಂದರು.

ಈ ಮಾತಿನ ಅರ್ಥ ಹೇಳಲು ನನಗೆ ಈಗಲೂ ನಾಚಿಕೆ. ನಮ್ಮ ಮನೆಯ ಕಿಟಕಿಯ ಮೇಲೆ ಹೊರಗಿನವರಿಗೆಂದು ಬೇರೆ ಒಂದು ಸ್ಟೀಲ್ ಲೋಟ ಇತ್ತು. ಬೇಸಿಗೆಯಲ್ಲಿ ಮಾದಮ್ಮನಿಗೆ ನೀರು ಕೊಡುತ್ತಿದ್ದದ್ದು ಅದರಲ್ಲೇ. ಅದನ್ನು ಇಟ್ಟವರು ಅತ್ತೆ. ಆದರೆ ಓದಿ, ಸರ್ಕಾರಿ ಕೆಲಸ ಮಾಡಿ, ದಿನವೂ ಅದನ್ನು ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದವಳು ನಾನು. ಅತ್ತೆ ಹಳೇ ಕಾಲದವರು ಎಂದು ಹೇಳಿಕೊಂಡು ಅವರ ಹೆಗಲ ಹಿಂದೆ ಅಡಗಿದ್ದೆ. ಅಂದು ಅತ್ತೆ ಹೇಳುವ ತನಕ ಕಾಯ್ದೆನೇ ಹೊರತು ನಾನಾಗಿ ಒಂದು ಮಾತು ಆಡಲಿಲ್ಲ. ಅದೇ ದಿನ ಆ ಲೋಟವನ್ನು ಪಾತ್ರೆಗಳ ಜೊತೆ ಸೇರಿಸಿಬಿಟ್ಟೆ. ಈಗ ಯಾವುದು ಅದು ಎಂದು ನನಗೂ ಗುರುತು ಸಿಗುವುದಿಲ್ಲ.

ಪುಸ್ತಕದ ಮೊದಲ ಪುಟ ಹರಿದು ಹಾಕಿ ಹೊಸದಾಗಿ ಬರೆದೆ. ಮಾದಮ್ಮ ಎರಡು ದಿನ ನನ್ನ ಜೊತೆ ಬೀದಿ ಬೀದಿ ಸುತ್ತಿ ಬಾವಿ, ಕಾಲುವೆ, ಕಣ ಎಲ್ಲಿದ್ದವೆಂದು ತೋರಿಸಿದರು. ಅಧ್ಯಕ್ಷರು ಓದಿ ಮುಖ ಗಂಟಿಕ್ಕಿದರು. "ನಮ್ಮ ಬಡಾವಣೆ ಚರಿತ್ರೆ ಅಂದ್ರೆ ನಾವು ಬಂದ ಮೇಲಿಂದು ಮೇಡಂ. ಕೂಲಿಯವರು ಕಳೆ ಕಿತ್ತಿದ್ದೆಲ್ಲ ಯಾಕೆ?" ಎಂದರು. ಅಲ್ಲೇ ಇದ್ದ ಮಾದಮ್ಮ, "ಸಾ, ನಿಮ್ಮಟ್ಟಿ ಇರೋದು ಕಣದ ಮೇಲೆ. ರಾಸಿ ಪೂಜೆ ಮಾಡ್ತಿದ್ದ ಜಾಗ. ಲಕ್ಷ್ಮಿ ಕೂರ್ತಿದ್ದ ಜಾಗ ಸಾ ಅದು" ಎಂದರು. ಅಧ್ಯಕ್ಷರು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಕಣದ ವಿಷಯ ಸ್ವಲ್ಪ ವಿವರವಾಗೇ ಬರೀರಿ ಮೇಡಂ" ಎಂದರು. ಮೊದಲ ಪುಟ ಹಾಗೇ ಉಳಿಯಿತು.

ಪುಸ್ತಕದ ಕೆಲಸ ಮುಗಿಯುವ ಮುಂಚೆ ಒಂದು ಭಾನುವಾರ ಮಾದಮ್ಮ ಮಗಳನ್ನು ಕರೆದುಕೊಂಡು ಬಂದರು. ಎತ್ತರದ, ಗಂಭೀರ ಮುಖದ ಹೆಂಗಸು ರತ್ನ. "ಅಮ್ಮ ಚಿಕ್ಕಂದಿನಿಂದ ಹೇಳೋರು, ನೀನು ಬಾಳೆ ಬುಡದಲ್ಲಿ ಹುಟ್ಟಿದವಳು ಅಂತ. ತಮಾಷೆಗೆ ಅಂದ್ಕೊಂಡಿದ್ದೆ ಮೇಡಂ" ಎಂದು ಸಂಕೋಚದಿಂದ ನಕ್ಕಳು. ದೇವರ ಮನೆಯ ಮುಂದಿನ ನೆಲವನ್ನು ಅವಳು ಬಗ್ಗಿ ಮುಟ್ಟಲಿಲ್ಲ, ಕೈ ಮುಗಿಯಲಿಲ್ಲ. ಕಾಲಬೆರಳನ್ನು ಆ ಗ್ರಾನೈಟಿನ ಮೇಲೆ ಮೆಲ್ಲಗೆ ಒತ್ತಿ ನೋಡಿದಳು, ಅಷ್ಟೇ.

ಹೊರಡುವಾಗ ಅತ್ತೆ ತಡೆದರು. "ಹುಟ್ಟಿದ ಜಾಗಕ್ಕೆ ಮೊದಲ ಸಲ ಬಂದಿದಾಳೆ. ಬರೀ ಮಡಿಲಲ್ಲಿ ಕಳಿಸ್ತೀಯೇನೇ?" ಎಂದು ನನ್ನನ್ನು ಗದರಿದರು. "ನಾನು ಗಂಡನ್ನ ಕಳಕೊಂಡವಳು, ನಾನು ಕೊಡೋ ಹಾಗಿಲ್ಲ. ನೀನು ತುಂಬು." ನಾನು ರತ್ನಳನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಅವಳ ಸೆರಗಿಗೆ ಹಾಕಿದೆ. ಅಕ್ಕಿ ಬೀಳುವ ಸದ್ದಿಗೆ ಅತ್ತೆ ಕಿವಿಗೊಟ್ಟಿದ್ದರು. "ಇನ್ನೊಂದು ಬೊಗಸೆ ಹಾಕು" ಎಂದರು. ಮಾದಮ್ಮ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು. ಗಂಭೀರವಾಗಿದ್ದ ರತ್ನ ಆಗ ಮಗುವಿನ ಹಾಗೆ ಅತ್ತಳು.

ಅದೇ ವರ್ಷ ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ನಮ್ಮ ಅತ್ತೆಗೆ ಮೂವರು ಗಂಡುಮಕ್ಕಳು, ಹೆಣ್ಣಿಲ್ಲ. ನಮ್ಮ ಕಡೆ ತವರಿನಿಂದ ಮದುವೆಯಾದ ಹೆಣ್ಣುಮಕ್ಕಳಿಗೆ ಬಾಗಿನ ಕೊಡುವುದು ಪದ್ಧತಿ. ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಮೊರ ಹೊತ್ತು ಓಡಾಡುವಾಗ ನಮ್ಮ ಯಜಮಾನರು ಸುಮ್ಮನೆ ಮನೆಯಲ್ಲಿರುತ್ತಿದ್ದರು. ಆ ಸಲ ಅತ್ತೆ ಹಬ್ಬಕ್ಕೆ ಮೂರು ದಿನ ಮುಂಚೆಯೇ ಮೊರ ತರಿಸಿದರು. ಕಣ್ಣು ಕಾಣದಿದ್ದರೂ ಬೇಳೆ, ಅಕ್ಕಿ, ಬಳೆ, ಬಾಚಣಿಗೆ ಒಂದೊಂದನ್ನೂ ಕೈಯಿಂದ ತಡವಿ ಜೋಡಿಸಿದರು. ಮಗನನ್ನು ಕರೆದು, "ತಗಡೂರಿಗೆ ಹೋಗಿ ಕೊಟ್ಟು ಬಾ. ಅಣ್ಣ ಹೋಗಿ ಕೊಡಬೇಕು, ಬರೀ ಇವಳನ್ನ ಕಳಿಸಬೇಡ" ಎಂದರು. ಅರವತ್ತು ದಾಟಿದ ನಮ್ಮ ಯಜಮಾನರು ಜೀವನದಲ್ಲಿ ಮೊದಲ ಬಾರಿಗೆ ಬಾಗಿನ ಹಿಡಿದು ಹೊರಟರು. ಸ್ಕೂಟರಿನಲ್ಲಿ ಹಿಂದೆ ಕೂತು ಮೊರ ಅಲುಗದಂತೆ ಹಿಡಿದುಕೊಂಡವಳು ನಾನು.

ರತ್ನ ನಮ್ಮನ್ನು ಉಣ್ಣದೆ ಬಿಡಲಿಲ್ಲ. ಪಕ್ಕದ ಮನೆಯಾಕೆ ಇಣುಕಿ "ಯಾರವ್ವಾ ಬಂದಿರಾರು?" ಎಂದು ಕೇಳಿದ್ದಕ್ಕೆ "ನಮ್ಮ ತವ್ರಿನೋರು ಕಣಕ್ಕ" ಎಂದಳು. ಹಬ್ಬಕ್ಕೆಂದು ಅಲ್ಲಿಗೆ ಬಂದಿದ್ದ ಮಾದಮ್ಮ ಒಲೆ ಮುಂದೆ ಕೂತಿದ್ದರು. ಅವರ ಪಕ್ಕ ಕೂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ ಮಾದಮ್ಮ?"

ಅವರು ಸೌದೆ ಮುಂದಕ್ಕೆ ತಳ್ಳಿದರು. "ಯೋಳವ ಅನ್ನಿಸ್ತಿತ್ತು ಕಣವ್ವ. ಆದ್ರೆ ನಿಮ್ದು ಮಡಿ ಅಟ್ಟಿ. ಯೋಳುದ್ರೆ ಮೈಲ್ಗೆ ಅಂತ ಎಲ್ಲಿ ಆ ಜಾಗ ತೊಳ್ಸ್‌ಬುಟ್ಟೀರೋ ಅಂತ ಎದ್ರಿಕೆ. ನನ್ ಮಗೀಂದು ಅಂತ ಅಷ್ಟೇ ಇದ್ದುದ್ದು ಅಲ್ಲಿ. ಇರ್ಲಿ ಅಂತ ಸುಮ್ಕಿದ್ದೆ."

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಹೇಳಿಬಿಟ್ಟೆ. ಅತ್ತೆ ಮುಚ್ಚುಮರೆ ಮಾಡಲಿಲ್ಲ.

"ಅವಳು ಹೇಳಿದ್ದು ಸರಿ ಕಣೇ. ಆಗಲೇ ಹೇಳಿದ್ದಿದ್ರೆ ತೊಳೆಸ್ತಿದ್ದೆ" ಎಂದರು. ಹಾಗೇ ಕೇಳಿದರು, "ಹುಡುಗಿ ಊಟಕ್ಕೆ ಏನು ಮಾಡಿದ್ಲು?"

"ಕಡುಬು ಅತ್ತೆ. ನಿಮಗೂ ಕಳಿಸಿದಾಳೆ."

"ತಾ ಮತ್ತೆ" ಎಂದು ಕೈ ಚಾಚಿದರು.

ಅತ್ತೆ ಈಗಿಲ್ಲ. ಗೌರಿ ಹಬ್ಬಕ್ಕೆ ನಮ್ಮ ಯಜಮಾನರು ತಪ್ಪದೆ ತಗಡೂರಿಗೆ ಹೋಗಿಬರುತ್ತಾರೆ. ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಬದಲಾಗುವ ಧೈರ್ಯ ಅತ್ತೆಗಿತ್ತು. ಅವರಿಗಿಂತ ಹೆಚ್ಚು ಓದಿದ ನನಗೆ ಅವರಿಗಿಂತ ಮೊದಲೇ ಆ ಧೈರ್ಯ ಯಾಕೆ ಬರಲಿಲ್ಲ ಎಂಬುದಕ್ಕೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.